ಉಡೊನ್ ನೂಡಲ್ಸ್‌ಗೆ ಮನೆಯಲ್ಲೇ ದಾಶಿ ಸಾರು

ಜಪಾನಿನ ನೂಡಲ್ಸ್ ಸಾರು ಎಂದೊಡನೆ ಹಲವರಿಗೆ ನೆನಪಾಗುವುದು ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆಯುವ ರಾಮೆನ್ ಸಾರು. ಗೋಧಿಯ ದಪ್ಪ ಉಡೊನ್ ಮತ್ತು ಬಕ್‌ವೀಟ್ ಹಿಟ್ಟಿನ ಸೋಬಾ ನೂಡಲ್ಸ್‌ಗೆ ಆಧಾರವಾದ ದಾಶಿಯ ರೀತಿಯೇ ಬೇರೆ. ನೆನೆಸುವ ಸಮಯವನ್ನು ಬಿಟ್ಟರೆ ಅದಕ್ಕೆ ಅರ್ಧ ಗಂಟೆ ಸಾಕು; ಆದರೆ ಆ ಅರ್ಧ ಗಂಟೆ ಒಲೆಯ ಮುಂದೆಯೇ ನಿಂತಿರಬೇಕು.

ಒಂದು ಲೀಟರ್ ದಾಶಿಗೆ ಬೇಕಾಗುವುದು 10 ಗ್ರಾಂ ಒಣಗಿಸಿದ ಕೊಂಬು ಮತ್ತು 20ರಿಂದ 30 ಗ್ರಾಂ ಕತ್ಸುವೊಬುಶಿ. ಕೊಂಬು ಹೆಚ್ಚಾಗಿ ಹೊಕ್ಕಾಯ್ಡೊ ದ್ವೀಪದ ತೀರದಿಂದ ಬರುವ ಕಡಲಪಾಚಿ. ಕತ್ಸುವೊಬುಶಿ ಎಂಬುದು ಟ್ಯೂನಾ ಬಳಗದ ಸ್ಕಿಪ್‌ಜಾಕ್ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದಂತೆ ಗಟ್ಟಿಯಾದ ಮೇಲೆ ತೆಳುವಾಗಿ ಹೆರೆದ ಎಸಳು. ಎರಡೂ ಜಪಾನಿ ದಿನಸಿ ಮಾರುವ ಅಂಗಡಿಗಳಲ್ಲಿ ಪೊಟ್ಟಣಗಳಲ್ಲಿ ಸಿಗುತ್ತವೆ.

ಮೂರನೆಯ ಸಾಮಗ್ರಿಯಾದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಡಸು ನೀರಿನಲ್ಲಿ ಹೆಚ್ಚಾಗಿರುವ ಕ್ಯಾಲ್ಸಿಯಂ, ಕೊಂಬಿನ ರುಚಿ ನೀರಿಗೆ ಇಳಿಯಲು ಅಡ್ಡಿಯಾಗುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಕೊಳವೆಬಾವಿಯ ನೀರನ್ನೇ ನೆಚ್ಚಿರುವವರು ಈ ಕೆಲಸಕ್ಕೆ ಶುದ್ಧೀಕರಣ ಯಂತ್ರದ ನೀರನ್ನು ಬಳಸುವುದು ಒಳ್ಳೆಯದು.

ಕೊಂಬಿನ ಮೇಲೆ ಕಾಣುವ ಬಿಳಿ ಪುಡಿ ಬೂಷ್ಟಲ್ಲ, ಅದು ಮ್ಯಾನಿಟಾಲ್ ಎಂಬ ಸಿಹಿ ಪದಾರ್ಥ. ಹಾಗಾಗಿ ಅದನ್ನು ತೊಳೆಯದೆ, ಧೂಳಿದ್ದರೆ ಮಾತ್ರ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತಣ್ಣೀರಿನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಯಲು ಬಿಡಿ. ಅದೇ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು, ನೀರು ಬಿಸಿಯಾಗಲು ಹತ್ತು ನಿಮಿಷವಾದರೂ ಹಿಡಿಯುವಂತೆ ನೋಡಿಕೊಳ್ಳಿ. ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದಾಗ, ಕುದಿ ಬರುವ ಮೊದಲೇ, ಕೊಂಬನ್ನು ಹೊರತೆಗೆಯಬೇಕು. ಕುದಿದರೆ ಅದು ಲೋಳೆ ಬಿಡುತ್ತದೆ, ಸಾರಿಗೆ ಕಹಿಯೂ ಪಾಚಿಯ ವಾಸನೆಯೂ ಹತ್ತುತ್ತವೆ. ಇಡೀ ಅಡುಗೆ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ.

ಕೊಂಬು ತೆಗೆದ ನೀರನ್ನು ಒಮ್ಮೆ ಕುದಿಸಿ, ಒಲೆ ಆರಿಸಿ, ಕುದಿ ಅಡಗಿದ ಮೇಲೆ ಮೀನಿನ ಎಸಳುಗಳನ್ನು ಹಾಕಿ. ಅವು ತಾವಾಗಿಯೇ ತಳಕ್ಕಿಳಿಯಲು ಒಂದೆರಡು ನಿಮಿಷ ಸಾಕು, ಸೌಟಿನಿಂದ ಕದಡಬೇಡಿ. ಬಳಿಕ ತೆಳು ಬಟ್ಟೆಯಲ್ಲಿ ಸೋಸಿ, ಹಿಂಡದೆ ಬಿಟ್ಟರೆ ಹೊಂಬಣ್ಣದ ತಿಳಿಸಾರು ದೊರೆಯುತ್ತದೆ.

ಇಷ್ಟು ಸರಳವಾದ ಸಾರಿಗೆ ಅಷ್ಟು ರುಚಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಅವರನ್ನು 1908ರಲ್ಲಿ ಕೊಂಬಿನಲ್ಲಿರುವ, ರುಚಿ ಕೊಡುವ ಪದಾರ್ಥವಾದ ಗ್ಲುಟಾಮೇಟ್‌ವರೆಗೆ ಕರೆದೊಯ್ದಿತು. ಆ ರುಚಿಗೆ ಉಮಾಮಿ ಎಂಬ ಹೆಸರಿಟ್ಟವರೂ ಅವರೇ. ಅವರ ಶಿಷ್ಯ ಶಿಂತಾರೊ ಕೊದಾಮಾ 1913ರಲ್ಲಿ ಕತ್ಸುವೊಬುಶಿಯಲ್ಲಿ ಅದೇ ಬಗೆಯ ರುಚಿ ಕೊಡುವ ಇನೊಸಿನೇಟ್ ಎಂಬ ಪದಾರ್ಥವನ್ನು ಗುರುತಿಸಿದರು. ಇವೆರಡೂ ಒಂದೇ ಪಾತ್ರೆಯಲ್ಲಿ ಕೂಡಿದಾಗ ರುಚಿ ಬರಿಯ ಮೊತ್ತಕ್ಕಿಂತ ಎಷ್ಟೋ ಹೆಚ್ಚುತ್ತದೆ.

ಮೀನು ತಿನ್ನದವರಿಗೆ ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆ ದಾರಿ ತೋರಿಸಿದೆ. ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಬಿಟ್ಟ ಆ ಅಡುಗೆಯಲ್ಲಿ ಮೀನಿನ ಬದಲು ಒಣ ಶಿಟಾಕೆ ಅಣಬೆ ಬಳಸುತ್ತಾರೆ. ನಾಲ್ಕೈದು ಅಣಬೆಗಳನ್ನು ಕೊಂಬಿನೊಂದಿಗೆ ಒಂದು ಲೀಟರ್ ನೀರಿನಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನಿಧಾನವಾಗಿ ಬಿಸಿ ಮಾಡಿ, ಕುದಿಗೆ ಮೊದಲು ಕೊಂಬನ್ನೂ, ಒಂದು ಕುದಿ ಬಂದ ಮೇಲೆ ಅಣಬೆಗಳನ್ನೂ ತೆಗೆದು ಸೋಸಿ. ಬಣ್ಣ ಗಾಢವಾಗಿರುತ್ತದೆ, ನನ್ನ ನಾಲಿಗೆಗೆ ಉಡೊನ್ ಜೊತೆ ಇದೇ ಹೆಚ್ಚು ಹಿಡಿಸುತ್ತದೆ.

ದಾಶಿಯನ್ನು ನೂಡಲ್ಸ್ ಸಾರಾಗಿಸಲು ಒಂದು ಲೀಟರಿಗೆ ನಾಲ್ಕು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ಮಿರಿನ್ (ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ) ಸೇರಿಸಿ, ಮದ್ಯಾಂಶ ಆರಿಹೋಗುವಂತೆ ಒಂದೆರಡು ನಿಮಿಷ ಕುದಿಸಿ, ರುಚಿ ನೋಡಿ ಉಪ್ಪು ಹಾಕಿ. ಮದ್ಯಾಂಶವಿರುವ ಮಿರಿನ್ ಬೇಡವಾದರೆ ಎರಡು ಸಣ್ಣ ಚಮಚ ಸಕ್ಕರೆ ಸಾಕು. ಒಸಾಕಾ, ಕ್ಯೋಟೊ ಕಡೆಯವರು ತಿಳಿಬಣ್ಣದ ಉಸುಕುಚಿ ಸಾಸನ್ನೂ ಟೋಕಿಯೊದವರು ಕಪ್ಪಾದ ಕೊಯ್ಕುಚಿಯನ್ನೂ ಬಳಸುತ್ತಾರೆ. ಉಸುಕುಚಿ ಬಣ್ಣದಲ್ಲಷ್ಟೇ ತಿಳಿ, ಅದರಲ್ಲಿ ಉಪ್ಪು ಹೆಚ್ಚು. ನೂಡಲ್ಸನ್ನು ಬೇರೆ ನೀರಿನಲ್ಲಿ ಬೇಯಿಸಿ ತೊಳೆದು ಹಾಕಬೇಕು; ಸಾರಿನಲ್ಲೇ ಬೇಯಿಸಿದರೆ ಗಂಜಿಯಾಂಶ ಬಿಟ್ಟು ಸಾರು ಕದಡಿಹೋಗುತ್ತದೆ.

ಕೊಂಬಿನಲ್ಲಿ ಅಯೋಡಿನ್ ಬಹಳವಾಗಿರುವುದರಿಂದ ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳಿ ಬಳಸಬೇಕು. ಸೋಸಿ ಉಳಿದ ಕೊಂಬು ಮತ್ತು ಎಸಳುಗಳನ್ನು ಎಸೆಯದೆ, ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿದರೆ ನಿಬಾನ್ ದಾಶಿ ಎಂಬ ಎರಡನೆಯ ಸಾರು ಸಿಗುತ್ತದೆ. ಅದು ತರಕಾರಿ ಬೇಯಿಸಲು, ಹುದುಗಿಸಿದ ಸೋಯಾ ಮುದ್ದೆಯಿಂದ ಮಾಡುವ ಮಿಸೊ ಸೂಪಿಗೆ ಒಗ್ಗುತ್ತದೆ. ಎರಡೂ ಫ್ರಿಜ್ಜಿನಲ್ಲಿ ಎರಡು ದಿನ ಕೆಡದೆ ಉಳಿಯುತ್ತವೆ.