ಪ್ರಾಣಿಗೆ ನಮ್ಮ ಅಂಗಳದಲ್ಲಿ ಕೆಲಸವಿರಬಾರದು

ಕೋಣೆ ಕೇಳಿ ಫೋನ್ ಮಾಡುವವರು ಬಾಡಿಗೆಗಿಂತ ಮೊದಲು ಕೇಳುವುದು, "ರೂಮಿನಿಂದಲೇ ಪ್ರಾಣಿ ಕಾಣುತ್ತಾ?" ಎಂದು. ಕಾಡಿನಲ್ಲಿ ಕಾಣಬಹುದು, ಅಂಗಳಕ್ಕೆ ಬರದ ಹಾಗೆ ನೋಡಿಕೊಳ್ಳುತ್ತೇವೆ ಅನ್ನುತ್ತೇನೆ. ಕೆಲವರು ಅಷ್ಟಕ್ಕೇ ಫೋನ್ ಇಟ್ಟುಬಿಡುತ್ತಾರೆ. ಬರುವವರಿಗೆ ಅದರ ಕಾರಣವನ್ನು ಊಟಕ್ಕೆ ಕೂತಾಗ ವಿವರಿಸುತ್ತೇನೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಕಾಡಂಚಿನಲ್ಲಿ ಹೋಮ್‌ಸ್ಟೇ ತೆರೆಯಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು.

ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ತಾಲ್ಲೂಕು, ಹಾಸನೂರಿನ ಹತ್ತಿರ. ಬೋರ್ಡುಗಳು ತಮಿಳಿನಲ್ಲಿ, ಮನೆಮಾತು ಕನ್ನಡ. ಸಂತೆ, ನಂಟಸ್ತಿಕೆ ಎಲ್ಲ ಚಾಮರಾಜನಗರದ ಕಡೆಗೇ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಒಂದು ಮೂಲೆಯಲ್ಲಿ ನಾಲ್ಕು ಕೋಣೆ ಕಟ್ಟಿದ್ದೇವೆ. ಹೊಲದಾಚೆ ಕಾಡು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು 1,400 ಚದರ ಕಿಲೋಮೀಟರಿಗೂ ಹೆಚ್ಚು ಹರಡಿದೆ. ಅದರ ಬಡಗಣಕ್ಕೆ ಬಿಳಿಗಿರಿರಂಗನ ಬೆಟ್ಟ, ಪಡುವಣಕ್ಕೆ ಮೋಯಾರ್ ಕಣಿವೆಯ ದಾರಿಯಲ್ಲಿ ಮುದುಮಲೆ ಮತ್ತು ಬಂಡೀಪುರ. ಈ ಕಾಡುಗಳೆಲ್ಲ ಸೇರಿದರೆ ಏಷ್ಯಾದ ಆನೆಗಳ ಅತಿ ದೊಡ್ಡ ನೆಲೆ. ಆನೆಗೆ ಜಿಲ್ಲೆ, ರಾಜ್ಯದ ಲೆಕ್ಕವಿಲ್ಲ. ಮಳೆ, ಮೇವು, ನೀರು ನೋಡಿಕೊಂಡು ಓಡಾಡುತ್ತದೆ. ಆ ಓಡಾಟದ ನಡುವೆ ನಾವು ಕೂತಿದ್ದೇವೆ.

ಕೋಣೆ ಕಟ್ಟುವಾಗಲೇ ಪರಿಚಯದವರೆಲ್ಲ ಕೊಟ್ಟ ಸಲಹೆ: ಜಗುಲಿಯ ಎದುರಿಗೊಂದು ನೀರಿನ ಗುಂಡಿ ತೋಡಿಸು, ಬೇಸಿಗೆಯಲ್ಲಿ ಜಿಂಕೆ ಬರುತ್ತವೆ, ಅತಿಥಿಗಳು ಕುರ್ಚಿ ಬಿಟ್ಟು ಏಳುವುದಿಲ್ಲ. ನಾನು ಒಪ್ಪಲಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಹಳ್ಳಗಳು ಬತ್ತುತ್ತವೆ. ಅಂಗಳದಲ್ಲಿ ನೀರಿಟ್ಟರೆ ಜಿಂಕೆ ಬರುವುದು ನಿಜ. ಜಿಂಕೆಯ ಹಿಂದೆ ಚಿರತೆ ಬರುತ್ತದೆ. ಸಂಜೆ ಹೊತ್ತು ಪಾತ್ರೆ ತೊಳೆದು ಮನೆಗೆ ನಡೆದು ಹೋಗುವ ಹೆಂಗಸರು ಅದೇ ಕಾಲುದಾರಿ ತುಳಿಯಬೇಕು. ಆನೆಯೊಂದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಒಂದು ಹಿಂಡಿಗೆ ಈ ಜಾಗ ನೆನಪಿನಲ್ಲಿ ಉಳಿದರೆ ತಾಯಾನೆ ಮರಿಗಳಿಗೂ ದಾರಿ ಕಲಿಸುತ್ತದೆ, ಗುಂಡಿ ಮುಚ್ಚಿದ ಮೇಲೂ ಅವು ಬರುವುದನ್ನು ನಿಲ್ಲಿಸುವುದಿಲ್ಲ. ಆಗ ತೊಂದರೆ ನಮಗಷ್ಟೇ ಅಲ್ಲ, ಪಕ್ಕದ ಹೊಲದಲ್ಲಿ ಮುಸುಕಿನ ಜೋಳ, ಬಾಳೆ, ಕೋಸು ಇಟ್ಟವರಿಗೂ. ನಮ್ಮ ಅತಿಥಿಯ ಫೋಟೋಕ್ಕಾಗಿ ಅವರ ಬೆಳೆ ಹೋಗುವುದು ಯಾವ ನ್ಯಾಯ?

ತಾಳವಾಡಿಯ ರೈತರು ಆನೆಯಿಂದ ಪಟ್ಟ ಪಾಡು ಸಣ್ಣದಲ್ಲ. ಹೊಲಗಳಿಗೆ ನುಗ್ಗುತ್ತಿದ್ದ ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು, ಪಳಗಿಸಿದ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ದೂರದ ಕಾಡಿಗೆ ಸಾಗಿಸಿದರು. ಕಾವಲು ಗುಡಿಸಿಲಿನಲ್ಲಿ ನಿದ್ದೆಗೆಟ್ಟವರ ಕಥೆಗಳನ್ನು ಅತಿಥಿಗಳು ಕೇಳಲೇಬೇಕು ಎಂಬುದು ನನ್ನ ಹಟ. ಅದಕ್ಕೇ ನಮ್ಮ ಅಡುಗೆಗೆ ರಾಗಿ, ತರಕಾರಿ, ಅರಿಸಿನ ಎಲ್ಲವನ್ನೂ ಸುತ್ತಲಿನ ಹೊಲಗಳಿಂದಲೇ ಕೊಳ್ಳುತ್ತೇನೆ, ಸಂತೆಯ ದರಕ್ಕಿಂತ ಕೊಂಚ ಹೆಚ್ಚಿಗೇ ಕೊಟ್ಟು. ಆನೆ ನೋಡಲು ಬಂದವರ ದುಡ್ಡಿನಲ್ಲಿ ಆನೆಯಿಂದ ಕಳೆದುಕೊಂಡವರಿಗೂ ಪಾಲು ಹೋಗಬೇಕು. ಮುದ್ದೆ ಬಡಿಸುವಾಗ ಇದು ಯಾರ ಹೊಲದ ರಾಗಿ ಎಂದು ಹೇಳಿಯೇ ಬಡಿಸುತ್ತೇವೆ.

ಅಡುಗೆಮನೆಯೇ ಎಲ್ಲಕ್ಕಿಂತ ಕಷ್ಟದ ಜಾಗ. ಆನೆಯ ಮೂಗಿಗೆ ಗೋಡೆ ಅಡ್ಡವಲ್ಲ. ಅಕ್ಕಿ, ಉಪ್ಪು, ಬೆಲ್ಲದ ವಾಸನೆಗೆ ಗೋಡೆ ಒಡೆದ ಉದಾಹರಣೆಗಳು ಕಾಡಂಚಿನ ಊರೂರಲ್ಲೂ ಇವೆ. ನಾವು ದವಸ ಮತ್ತು ಉಪ್ಪನ್ನು ಬಿಗಿ ಮುಚ್ಚಳದ ಡ್ರಮ್ಮುಗಳಲ್ಲಿಟ್ಟು, ಕೆಲವೇ ದಿನಕ್ಕೆ ಬೇಕಾದಷ್ಟು ತರಿಸುತ್ತೇವೆ. ಉಳಿಕೆ ಅನ್ನ, ಹಣ್ಣಿನ ಸಿಪ್ಪೆ, ಮಾಂಸದ ಮೂಳೆ ಯಾವುದೂ ರಾತ್ರಿ ಹೊರಗಿರುವಂತಿಲ್ಲ. ಎಲ್ಲವನ್ನೂ ಕಬ್ಬಿಣದ ಮುಚ್ಚಳದ ಸಿಮೆಂಟ್ ತೊಟ್ಟಿಗೆ ಹಾಕಿ, ಮೇಲೆ ಒಣ ಎಲೆ ಮತ್ತು ಮಣ್ಣು ಹರಡುತ್ತೇವೆ. ತಿಪ್ಪೆ ತೆರೆದಿಟ್ಟರೆ ಮೊದಲು ಕಾಡುಹಂದಿ, ಆಮೇಲೆ ಮಂಗ, ಆಮೇಲೆ ಕರಡಿ. ಹಿತ್ತಲಿನ ಹಲಸಿನ ಮರ ಅಜ್ಜಿ ನೆಟ್ಟದ್ದು, ಕಡಿಯಲು ಮನಸ್ಸಿಲ್ಲ. ಕಾಯಿ ಬಲಿಯುವ ಮೊದಲೇ ಇಳಿಸಿ ಪಲ್ಯ, ಸಾಂಬಾರು ಮಾಡಿಬಿಡುತ್ತೇವೆ. ಮರದಲ್ಲಿ ಹಣ್ಣಾಗಲು ಬಿಟ್ಟರೆ ಅದರ ಘಮ ಆನೆ, ಕರಡಿ ಎರಡನ್ನೂ ಕರೆಯುತ್ತದೆ.

ನಾಯಿ ಸಾಕಿಲ್ಲ. ಅತಿಥಿಗಳ ನಾಯಿಯನ್ನೂ ಒಪ್ಪುವುದಿಲ್ಲ. ಚಿರತೆಗೆ ನಾಯಿಯಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಊರನಾಯಿಗಳ ರೋಗ ಕಾಡಿನ ಸೀಳುನಾಯಿಗಳಿಗೂ ಅಂಟುತ್ತದೆ.

ಬೇಲಿಯ ವಿಚಾರದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಜಮೀನಿನ ಸುತ್ತ ಸೌರಬೇಲಿ ಎಳೆದರೆ ಆನೆ ಬೇಲಿಗುಂಟ ನಡೆದು ಪಕ್ಕದವರ ಹೊಲಕ್ಕೆ ಇಳಿಯುತ್ತದೆ. ನಾವು ಕೋಣೆಗಳನ್ನೂ ಅಡುಗೆಮನೆಯನ್ನೂ ಒತ್ತಾಗಿ ಕಟ್ಟಿ, ಅಷ್ಟಕ್ಕೆ ಮಾತ್ರ ಬೇಲಿ ಹಾಕಿದ್ದೇವೆ. ಅದರಾಚೆ ಹಳ್ಳದ ಪಕ್ಕದ ಪಟ್ಟಿಯನ್ನು ಹಾಗೇ ಬಿಟ್ಟಿದ್ದೇವೆ. ಅದು ಅವುಗಳ ಹಳೆಯ ದಾರಿ. ಲದ್ದಿ, ಹೆಜ್ಜೆ, ಮೈ ಉಜ್ಜಿದ ಮರದ ತೊಗಟೆ ನೋಡಿ ಗುರುತಿಸಿದ್ದು. ಅಲ್ಲಿ ಕಬ್ಬು, ಬಾಳೆ ಬೆಳೆಯುವುದಿಲ್ಲ, ದೀಪವಿಲ್ಲ, ಕುರ್ಚಿ ಹಾಕುವುದಿಲ್ಲ. ಆನೆಗಳು ಆ ದಾರಿಯಲ್ಲಿ ಬರುತ್ತವೆ, ಹೋಗುತ್ತವೆ. ನಿಂತು ತಿನ್ನಲು ಏನೂ ಇಲ್ಲವಾದ್ದರಿಂದ ನಿಲ್ಲುವುದಿಲ್ಲ.

ದೀಪದ ಬಗ್ಗೆ ಅತಿಥಿಗಳ ದೂರು ಹೆಚ್ಚು. "ಇಷ್ಟು ಕತ್ತಲೆ ಯಾಕೆ ಸಾರ್?" ಬಿಳಿ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಹಲ್ಲಿ, ಅವುಗಳ ಹಿಂದೆ ಹಾವು. ಆದ್ದರಿಂದ ಮೊಳಕಾಲಿಗಿಂತ ಕೆಳಗೆ, ನೆಲಕ್ಕೆ ಮುಖ ಮಾಡಿದ ಹಳದಿ ದೀಪ ಮಾತ್ರ. ಕೋಣೆಯಿಂದ ಕೋಣೆಗೆ ಹೋಗಲೂ ಟಾರ್ಚು ಬೇಕು. ಮಳೆಗಾಲದಲ್ಲಿ ಷೂ ಕೊಡವಿ ಹಾಕಿಕೊಳ್ಳಬೇಕು. ನೆಲದಲ್ಲಿ ಯಾರೂ ಮಲಗುವಂತಿಲ್ಲ, ಡ್ರೈವರ್‌ಗಳಿಗೂ ಮಂಚ ಮತ್ತು ಸೊಳ್ಳೆಪರದೆ ಕೊಡುತ್ತೇವೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಲು ಹೇಳಿಕೊಡುವುದು ನಾನೇ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದಲ್ಲಿ ಮಲಗಿದವರನ್ನು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ, ಹಾಗಾಗಿ ಹಾವನ್ನು ಹಿಡಿದು ಆಸ್ಪತ್ರೆಗೆ ಒಯ್ಯಬೇಕಿಲ್ಲ. ಹೊತ್ತು ಕಳೆಯದೆ ಹೊರಡಬೇಕು, ಅಷ್ಟೇ. ನಮ್ಮ ಜೀಪು ರಾತ್ರಿ ಯಾವಾಗಲೂ ಗೇಟಿಗೆ ಮುಖ ಮಾಡಿ, ಡೀಸೆಲ್ ತುಂಬಿಸಿಕೊಂಡು ನಿಂತಿರುತ್ತದೆ.

ಕ್ಯಾಂಪ್‌ಫೈರ್ ಇಲ್ಲ, ಸ್ಪೀಕರ್ ಇಲ್ಲ. ಫೆಬ್ರವರಿಯ ಹೊತ್ತಿಗೆ ಇಲ್ಲಿನ ಹುಲ್ಲು, ಲಂಟಾನ ಒಣಗಿ ಒಂದು ಕಿಡಿಗೆ ಕಾಯುತ್ತಿರುತ್ತವೆ. ನಮ್ಮಲ್ಲಿ ಕೆಲಸ ಮಾಡುವ ಸೋಲಿಗರ ಹಿರಿಯರೊಬ್ಬರು ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಹಿಂದೆ ಅವರ ಜನ ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ನೆಲದಲ್ಲೇ ಹರಿದು ಆರುತ್ತಿತ್ತು, ಆಮೇಲೆ ಹೊಸ ಹುಲ್ಲು ಚಿಗುರುತ್ತಿತ್ತು. ಅದು ನಿಂತ ಮೇಲೆ ಲಂಟಾನ ಕಾಡನ್ನು ತುಂಬಿತು, ಈಗ ಬೆಂಕಿ ಬಿದ್ದರೆ ಮರದ ನೆತ್ತಿಗೇ ಏರುತ್ತದೆ ಎಂಬುದು ಅವರ ಅನುಭವದ ಮಾತು. ಅತಿಥಿಗಳಿಗೆ ಕ್ಯಾಂಪ್‌ಫೈರ್ ಬದಲು ಸಿಗುವುದು ಅವರ ಜೊತೆಗಿನ ಸಂಜೆ. ಇದಕ್ಕಿಂತ ದೊಡ್ಡ ಸತ್ಕಾರ ನನ್ನ ಕೈಲಿಲ್ಲ.

ಬೆಳಗಿನ ಹೊತ್ತು ಬೇಲಿಯೊಳಗಿನ ಬಂಡೆಯ ಮೇಲೆ ಅತಿಥಿಗಳನ್ನು ಕೂರಿಸುವವರೂ ಆ ಹಿರಿಯರೇ. ಮೊದಲ ಅರ್ಧ ಗಂಟೆ ಮಾತಿಲ್ಲ. ಕಾಡುಕೋಳಿ ಕೂಗುತ್ತದೆ, ಮಂಗಟ್ಟೆಯ ರೆಕ್ಕೆ ಸದ್ದು ತಲೆಯ ಮೇಲೆ ಹಾದುಹೋಗುತ್ತದೆ. ಜಿಂಕೆ ಕೂಗಿದರೆ ಅವರು ತಲೆ ಎತ್ತುವುದಿಲ್ಲ. ಜಿಂಕೆ ಪುಕ್ಕಲು, ಹಂದಿಗೂ ಕೂಗುತ್ತದೆ. ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿದರೆ ಕಣ್ಣು ಆ ಕಡೆ. ಕಡವೆ 'ಢಾಂಕ್' ಎಂದು ಮತ್ತೆ ಮತ್ತೆ ಕೂಗಿದರೆ ಎದ್ದು ನಿಲ್ಲುತ್ತಾರೆ, ಅದು ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಹುಲಿ ಕಣ್ಣಿಗೆ ಬೀಳದಿದ್ದರೂ ಅದು ಕಣಿವೆಯಲ್ಲಿ ಯಾವ ಕಡೆಗೆ ನಡೆಯುತ್ತಿದೆ ಎಂಬುದನ್ನು ಈ ಕೂಗುಗಳು ಒಂದೊಂದಾಗಿ ತಿಳಿಸುತ್ತವೆ. ಇದನ್ನು ಒಮ್ಮೆ ಕೇಳಿದ ಮಕ್ಕಳು ಮೊಬೈಲ್ ಮರೆಯುವುದನ್ನು ನೋಡಿ ನನಗೆ ಆಗುವ ಸಂತೋಷ ಹೇಳತೀರದು.

ಕಣ್ಣಾರೆ ನೋಡಲೇಬೇಕು ಅನ್ನುವವರೂ ಇರುತ್ತಾರೆ, ಅದೂ ತಪ್ಪಲ್ಲ. ಅವರಿಗೆ ಇಲ್ಲಿನ ಗುಡ್ಡ, ಪೊದೆಗಳಿಗಿಂತ ಬಯಲು ಹೆಚ್ಚಿರುವ ಜಾಗ ಒಳ್ಳೆಯದು ಎಂದು ನೇರವಾಗಿ ಹೇಳುತ್ತೇನೆ. ಕಬಿನಿಯಲ್ಲಿ ಬೇಸಿಗೆಗೆ ಹಿನ್ನೀರು ಇಳಿದಾಗ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಹತ್ತಿರದಲ್ಲೇ ಬೇಕೆಂದರೆ ಗಡಿಯಾಚೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಅಥವಾ ಬಂಡೀಪುರದ ಸಂಜೆ ಸಫಾರಿಗೆ ಕಳಿಸುತ್ತೇನೆ. ಮುಂಜಾನೆಯ ಸಫಾರಿ ಹಾಸನೂರಿನಿಂದ ಆಗದ ಮಾತು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಈ ಕಾಡಿನ ರಸ್ತೆಯಲ್ಲಿ ಕಾರುಗಳನ್ನು ಬಿಡುವುದಿಲ್ಲ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಈ ನಿರ್ಬಂಧ ಜಾರಿಗೆ ಬಂದಾಗ ಊರಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ತರಕಾರಿ ಸಾಗಿಸುವವರ ಕಷ್ಟ ನನಗೂ ಗೊತ್ತು. ಆದರೂ ಲಾರಿಗಳ ಚಕ್ರಕ್ಕೆ ಸಿಕ್ಕ ಜಿಂಕೆ, ಚಿರತೆಗಳನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವರಿಗೆ ಆ ಮೌನದ ಬೆಲೆ ಗೊತ್ತು.

ಆ ರಸ್ತೆಯಲ್ಲೇ ಅತಿಥಿಗಳು ಎಡವುವುದು. ಕಾರಪಳ್ಳಂ ಚೆಕ್‌ಪೋಸ್ಟ್ ಬಳಿ ಕಬ್ಬಿನ ಲಾರಿಗಾಗಿ ಆನೆಗಳು ಕಾಯುತ್ತಾ ನಿಲ್ಲುತ್ತವೆ. ಚಾಲಕರು ಎಸೆದ ಕಬ್ಬಿನ ರುಚಿ ಹತ್ತಿದ ಆನೆಗಳು ಅವು. ಕಾರು ನಿಲ್ಲಿಸಿ ಇಳಿದು ಸೆಲ್ಫಿ ತೆಗೆಯುವವರನ್ನು ಕಂಡರೆ ನನ್ನ ಎದೆ ನಡುಗುತ್ತದೆ. ಅದಕ್ಕೇ ಬುಕಿಂಗ್ ಆದ ದಿನವೇ ಎಲ್ಲರಿಗೂ ಒಂದು ಧ್ವನಿ ಸಂದೇಶ ಕಳಿಸುತ್ತೇನೆ: ಕತ್ತಲಾಗುವ ಮೊದಲು ತಲುಪಿ. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂನ 27 ತಿರುವುಗಳಿಗೆ ಸಮಯ ಇಟ್ಟುಕೊಳ್ಳಿ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಲ್ಲಿ, ಹಾರ್ನ್ ಬೇಡ, ಇಳಿಯಬೇಡಿ, ತಿನ್ನಲು ಏನನ್ನೂ ಎಸೆಯಬೇಡಿ. ಕಂಡ ಪ್ರಾಣಿಯ ಜಾಗವನ್ನು ಗ್ರೂಪುಗಳಲ್ಲಿ ಹಾಕಬೇಡಿ, ಮರುದಿನ ಅಲ್ಲಿ ಹತ್ತು ಕಾರು ನಿಂತಿರುತ್ತವೆ.

ಯಾವಾಗ ಬರಬೇಕೆಂದು ಕೇಳುವವರಿಗೆ ನನ್ನ ಉತ್ತರ ಸೆಪ್ಟೆಂಬರಿನಿಂದ ಡಿಸೆಂಬರ್. ಹಿಂಗಾರು ಮಳೆಗೆ ಹಳ್ಳ ಹರಿಯುತ್ತದೆ, ಕಾಡಿನೊಳಗೇ ನೀರು, ಮೇವು ಸಿಗುತ್ತದೆ, ಪ್ರಾಣಿಗಳು ನೆಮ್ಮದಿಯಾಗಿರುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ನಾನು ಎರಡು ಕೋಣೆ ಮಾತ್ರ ಕೊಡುತ್ತೇನೆ. ಆಗ ನಮ್ಮ ಬೋರ್‌ವೆಲ್‌ನಲ್ಲೂ ನೀರು ಕಡಿಮೆ. ಕೆಲಸದವರ ಹೆಚ್ಚಿನ ಹೊತ್ತು ಬೇಲಿಗುಂಟ ಒಣಹುಲ್ಲು ಸವರಿ ಬೆಂಕಿರೇಖೆ ಮಾಡುವುದರಲ್ಲೇ ಹೋಗುತ್ತದೆ.