ಬೆನ್ನು ಮಳೆಗೆ, ಬಾಯಿ ಬಿಸಿಲಿಗೆ: ಕುದುರೆಗಳಿಗೆ ನಾನು ಕಟ್ಟಿಸಿದ ಶೆಡ್

ನಮ್ಮದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕು. ಅತ್ತ ಸಕಲೇಶಪುರದ ಮಲೆನಾಡೂ ಅಲ್ಲ, ಇತ್ತ ಅರಸೀಕೆರೆಯ ಬಯಲೂ ಅಲ್ಲ, ನಡುವಿನ ಅರೆಮಲೆನಾಡು. ಏಪ್ರಿಲ್‌ನಲ್ಲಿ ಮಧ್ಯಾಹ್ನದವರೆಗೆ ಉರಿಬಿಸಿಲು, ಸಂಜೆ ನಾಲ್ಕಕ್ಕೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಮೃಗಶಿರದಲ್ಲಿ ಹಿಡಿದ ಮಳೆ ಆರಿದ್ರಾ, ಪುನರ್ವಸು, ಪುಷ್ಯ ದಾಟಿ ಆಶ್ಲೇಷದವರೆಗೂ ಹೊಡೆಯುತ್ತದೆ. ನಡುವೆ ಒಂದು ದಿನ ಹೊಳವಾಯಿತೆಂದರೆ ಬೆನ್ನು ಸುಡುವ ಬಿಸಿಲು. ಅಕ್ಟೋಬರ್‌ನಲ್ಲಿ ಹಿಂಗಾರು, ಅದು ಎದುರು ದಿಕ್ಕಿನಿಂದ. ಡಿಸೆಂಬರ್ ಬಂತೆಂದರೆ ಹೊತ್ತೇರುವವರೆಗೂ ಮಂಜು.

ಇಂಥ ಹವೆಯಲ್ಲಿ ನನ್ನ ಎರಡು ಕುದುರೆಗಳು ಹಗಲೂ ರಾತ್ರಿ ಹುಲ್ಲುಗಾವಲಿನಲ್ಲೇ ಇರುತ್ತವೆ. ಒಂದು ಗೌರಿ, ಬೆಂಗಳೂರಿನಲ್ಲಿ ರೇಸ್ ಓಡಿ ನಿವೃತ್ತಿಯಾದ ಥರೋಬ್ರೆಡ್ ಹೆಣ್ಣು. ಉದ್ದ ಕಾಲು, ತೆಳು ಚರ್ಮ, ಮೈ ಹಿಡಿಯುವುದು ನಿಧಾನ. ಇನ್ನೊಂದು ಕಾಳ, ನಾಟಿ ತಟ್ಟು. ಗಾತ್ರದಲ್ಲಿ ಗೌರಿಯ ಅರ್ಧ ಇದ್ದರೂ ಹುಲ್ಲುಗಾವಲಿನ ಯಜಮಾನಿಕೆ ಅವನದೇ. ಶೆಡ್ಡಿನ ಅಳತೆ, ಆಕಾರವನ್ನೆಲ್ಲ ತೀರ್ಮಾನಿಸಿದ್ದು ಹೆಚ್ಚುಕಮ್ಮಿ ಇವರಿಬ್ಬರ ಈ ಸಂಬಂಧವೇ.

ಬಡಗಿ ಅಣ್ಣ ಜಾಗ ನೋಡಲು ಬಂದವನು ಮೊದಲು ಹೇಳಿದ್ದು, "ಅಕ್ಕಾ, ನಾಕೂ ಕಡೆ ಮುಚ್ಚಿ ಒಂದು ಬಾಗ್ಲು ಇಟ್ಬಿಡಣ, ಬೆಚ್ಚಗಿರ್ತವೆ" ಎಂದು. ದನದ ಕೊಟ್ಟಿಗೆ ಕಟ್ಟಿ ರೂಢಿಯಿದ್ದವನು, ಹಾಗೆ ಹೇಳಿದ್ದು ಸಹಜ. ಆದರೆ ಕುದುರೆಗೆ ಬೇಕಾದ್ದು ಬೆಚ್ಚಗಿನ ಕೋಣೆಯಲ್ಲ. ಮೈ ಒಣಗಿದ್ದು, ಹೊಟ್ಟೆಗೆ ಸಾಕಷ್ಟು ಒಣಹುಲ್ಲು ಇದ್ದರೆ, ಹೊರಗೆ ಬದುಕಿ ಅಭ್ಯಾಸವಾದ ಕುದುರೆ 5 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತೊಂದರೆಯಿಲ್ಲದೆ ತಡೆಯುತ್ತದೆ. ನಾರು ತಿಂದು ಅದು ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಅದಕ್ಕೆ ಒಲೆ. ನಮ್ಮೂರಿನ ಚಳಿ ಅಷ್ಟು ಕೆಳಗಿಳಿಯುವುದೇ ಇಲ್ಲ. ಕುದುರೆಯನ್ನು ಕೆಡವುವುದು ಮಳೆ ಮತ್ತು ಗಾಳಿ ಎರಡೂ ಒಟ್ಟಿಗೆ ಬಂದಾಗ. ನೆಟ್ಟಗೆ ನಿಂತು ಗಾಳಿ ಹಿಡಿದಿಟ್ಟುಕೊಳ್ಳುವ ಕೂದಲು ನೆನೆದು ಮೈಗೆ ಅಂಟಿತೆಂದರೆ ರಕ್ಷಣೆ ಹೋಯಿತು. ಅದರ ಮೇಲೆ ಗಾಳಿ ಬೀಸಿದರೆ ಪಕ್ಕೆಯಲ್ಲಿ ನಡುಕ ಶುರು. ಪುಷ್ಯದ ಜಡಿಮಳೆಯಲ್ಲಿ ಗೌರಿ ಹಾಗೆ ನಡುಗುವುದನ್ನು ಕಂಡ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಕಟ್ಟುವ ಮೊದಲು ಒಂದು ಮಳೆಗಾಲ ಪೂರ್ತಿ ನೋಡಿದೆ. ಕುದುರೆಗಳು ಯಾವ ಮಳೆಗೆ ಎಲ್ಲಿ ನಿಲ್ಲುತ್ತವೆ, ತಿಕ ಯಾವ ಕಡೆಗೆ ತಿರುಗಿಸುತ್ತವೆ ಎಂಬುದನ್ನು. ಗದ್ದೆ ಬದಿಯ ತಗ್ಗಿಗೆ ಅವು ಹೋಗುತ್ತಲೇ ಇರಲಿಲ್ಲ. ತೋಟದ ಸಿಲ್ವರ್ ಮರದ ಸಾಲಿಗೆ ಸ್ವಲ್ಪ ಕೆಳಗೆ, ಇಳಿಜಾರಿನ ಮಧ್ಯದಲ್ಲಿ ಒಂದು ದಿಬ್ಬವಿದೆ, ಅಲ್ಲಿಂದ ಸುತ್ತಲೂ ಕಾಣುತ್ತದೆ. ಅಲ್ಲೇ ಪಡುವಣಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಶೆಡ್ಡಿಗೆ ಜಾಗ ಆರಿಸಿದ್ದು ಅವೇ ಅನ್ನಬೇಕು. ಇದನ್ನು ಬಿಟ್ಟು ಮನೆಗೆ ಹತ್ತಿರವೆಂದೋ ರಸ್ತೆಗೆ ಅನುಕೂಲವೆಂದೋ ಬೇರೆ ಕಡೆ ಕಟ್ಟಿದರೆ, ಎಷ್ಟೇ ಚೆಂದ ಕಟ್ಟಿದರೂ ಅದು ಖಾಲಿ ಬೀಳುತ್ತದೆ.

ಗಾಳಿಯ ದಿಕ್ಕು ತಿಳಿಯಲು ಯಂತ್ರ ಬೇಡ. ಬೇಲಿಯ ಕಲ್ಲು ಕಂಬಗಳಲ್ಲಿ ಪಾಚಿ ಯಾವ ಮುಖದಲ್ಲಿ ದಟ್ಟವಾಗಿದೆ ನೋಡಿದರೆ ಸಾಕು. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುತ್ತಿದ್ದ ಪಕ್ಕವೂ ಅದೇ. ಮುಂಗಾರಿನ ಎರಚಲು ಪಶ್ಚಿಮ, ನೈಋತ್ಯದಿಂದ, ಹಿಂಗಾರಿನದು ಈಶಾನ್ಯದಿಂದ. ಎರಡೂ ನೇರ ಒಳಗೆ ನುಗ್ಗದ ದಿಕ್ಕು ಆಗ್ನೇಯ. ಬೆಳಗಿನ ಬಿಸಿಲು ಒಳಗೆ ಬಿದ್ದು ನೆಲ ಒಣಗುವ ದಿಕ್ಕೂ ಅದೇ. ಹಾಗಾಗಿ ಶೆಡ್ಡಿನ ಬಾಯಿ, ಅಂದರೆ ಬಾಗಿಲಿಲ್ಲದ ತೆರೆದ ಮುಖ, ಆಗ್ನೇಯಕ್ಕೆ. ಹಿಂಬದಿ ಮತ್ತು ನೈಋತ್ಯದ ಪಕ್ಕ ಪೂರ್ತಿ ಗೋಡೆ. ಈಶಾನ್ಯದ ಪಕ್ಕದಲ್ಲಿ ಅರ್ಧ ಮಾತ್ರ ಹಲಗೆ, ಉಳಿದರ್ಧ ಖಾಲಿ. ಆ ಖಾಲಿ ಜಾಗ ಗೌರಿಗಾಗಿ. ಕಾಳ ಕಿವಿ ಹಿಂದಕ್ಕೆ ಮಡಿಸಿ ಮುಂದೆ ನಿಂತರೂ ಅವಳಿಗೆ ಹೊರಹೋಗಲು ಇನ್ನೊಂದು ದಾರಿ ಇರಬೇಕು. ಮೂಲೆಗೆ ಸಿಕ್ಕಿಬಿದ್ದ ಕುದುರೆ ಒದೆ ತಿನ್ನುತ್ತದೆ, ಇಲ್ಲವೇ ಮರುದಿನದಿಂದ ಒಳಗೆ ಕಾಲಿಡುವುದಿಲ್ಲ.

ಬಾಗಿಲು ಇಡದಿರಲು ಇನ್ನೊಂದು ಕಾರಣ ಆನೆ. ನಮ್ಮ ಕಡೆ ಆನೆ ಬರುವುದು ಹೊಸ ಸುದ್ದಿಯಲ್ಲ. ಕುದುರೆಗೆ ಓಡುವುದೇ ಆತ್ಮರಕ್ಷಣೆ. ರಾತ್ರಿ ಚಿಲಕ ಹಾಕಿ ಕೂಡಿದರೆ ಅದನ್ನೇ ಕಿತ್ತುಕೊಂಡಂತೆ. ಉಪ್ಪು, ಬೂಸ, ಹುಲ್ಲಿನ ದಾಸ್ತಾನನ್ನೂ ಶೆಡ್ಡಿನಲ್ಲಿ ಇಡುವುದಿಲ್ಲ, ಎಲ್ಲ ಮನೆಯ ಹತ್ತಿರವೇ.

ಅಳತೆ ಹೇಳುತ್ತೇನೆ. ಒಂದು ಕುದುರೆಗೆ 12 ಅಡಿಗೆ 12 ಅಡಿ ಎಂಬುದು ಎಲ್ಲೆಡೆ ನಡೆಯುವ ಲೆಕ್ಕ. ಜಗಳಗಂಟ ತಟ್ಟಿನ ಸಲುವಾಗಿ ನಾನು ಎರಡಕ್ಕೆ 28 ಅಡಿ ಉದ್ದ, 14 ಅಡಿ ಅಗಲ ತೆಗೆದುಕೊಂಡೆ. ಮುಂದೆ 12 ಅಡಿ ಎತ್ತರ, ಹಿಂದೆ 9. ಇಳಿಜಾರು ಹಿಂದಕ್ಕೆ, ಅಂದರೆ ನೀರು ಅವು ನಡೆದಾಡುವ ಕಡೆ ಬೀಳದಂತೆ. ಮುಂದೆ ಸೂರು ನಾಲ್ಕು ಅಡಿ ಚಾಚಿದೆ. ಬಾಯಿಯ ಇಡೀ ಉದ್ದಕ್ಕೆ ನಡುವೆ ಒಂದೇ ಕಂಬ, ಅದಕ್ಕೆ ತೆಂಗಿನ ಹಗ್ಗ ಒತ್ತಾಗಿ ಸುತ್ತಿಸಿದ್ದೇನೆ. ಹಿಂದೆ ಕಲ್ಲು ಕಂಬ, ಮುಂದೆ ಕಬ್ಬಿಣದ ಪೈಪು.

ಗೋಡೆಗೆ ತಗಡು ಹೊಡೆದರೆ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಕುದುರೆ ಒದ್ದಾಗ ಕಾಲು ತಗಡಿನೊಳಗೆ ಹೊಕ್ಕು ಹೊರಗೆಳೆದುಕೊಂಡರೆ ಚರ್ಮ, ಸ್ನಾಯು ಎರಡೂ ಹರಿಯುತ್ತವೆ. ಅದಕ್ಕೇ ನೆಲದಿಂದ ಐದು ಅಡಿಯವರೆಗೆ ಎರಡು ಇಂಚು ದಪ್ಪದ ಹಲಗೆ, ಕಂಬಗಳ ಒಳಮುಖಕ್ಕೆ ಬೋಲ್ಟ್ ಹಾಕಿ ಕೂಡಿಸಿದ್ದು. ಕಲ್ಲಿನ ಚೂಪು ಅಂಚುಗಳೂ ಹಲಗೆಯ ಹಿಂದೆ ಮರೆಯಾದವು. ತಗಡು ಅದಕ್ಕಿಂತ ಮೇಲೆ ಮಾತ್ರ. ಸೂರಿನ ಕೆಳಗೆ ಸುತ್ತಲೂ ಒಂದು ಗೇಣು ಬಿಟ್ಟಿದ್ದೇನೆ, ಗಂಜಲದ ಘಾಟು ಹೊರಗೆ ಹೋಗಲಿ ಎಂದು.

ಮಾಡಿಗೆ ಮಂಗಳೂರು ಹಂಚು ಹಾಕಿಸಬೇಕೆಂದು ತುಂಬ ಆಸೆಯಿತ್ತು. ಬೇಸಿಗೆಯಲ್ಲಿ ತಂಪು, ಮಳೆಯಲ್ಲಿ ಸದ್ದು ಕಮ್ಮಿ. ಆದರೆ ಕೋತಿಗಳು ಹಂಚು ಉಳಿಸುವುದಿಲ್ಲ, ಒಡೆದ ಚೂರು ಕೆಳಗೆ ಬಿದ್ದರೆ ಗೊರಸಿಗೆ ಗಾಯ. ಕೊನೆಗೆ ತಗಡೇ ಆಯಿತು. ಬರೀ ತಗಡಿನ ಮೇಲೆ ಆಲಿಕಲ್ಲು ಬಿದ್ದರೆ ಆ ಸದ್ದಿಗೆ ಯಾವ ಕುದುರೆಯೂ ಒಳಗೆ ನಿಲ್ಲುವುದಿಲ್ಲ. ಅದಕ್ಕೆ ತಗಡಿನ ಕೆಳಗೆ ಅಡಿಕೆ ಮರ ಸೀಳಿದ ದಬ್ಬೆಯ ಒಂದು ಪದರ ಕಟ್ಟಿಸಿದೆ. ಸದ್ದೂ ಇಳಿಯಿತು, ಕಾವೂ ಇಳಿಯಿತು. ದಬ್ಬೆಗೆ ಮೊಳೆ ಬಳಸದೆ ತಂತಿಯಲ್ಲಿ ಬಿಗಿಸಿದ್ದು. ಕೆಲಸ ಮುಗಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲವೆಲ್ಲ ಎಳೆದಾಡಿದೆವು. ಸಿಕ್ಕ ಮೊಳೆ, ತಂತಿಯ ತುಂಡುಗಳನ್ನು ನೋಡಿ ಬಡಗಿ ಅಣ್ಣನೇ ಬೆರಗಾದ. ಗುಡುಗು ಹೆಚ್ಚಿರುವ ಊರಾದ್ದರಿಂದ ತಗಡಿಗೆ ಅರ್ಥಿಂಗ್ ಕೊಡಿಸಿದ್ದೇನೆ, ಒಂಟಿ ಮರದಿಂದ ದೂರವೂ ಇದೆ.

ಇಷ್ಟೆಲ್ಲ ಹೇಳಿದರೂ, ನನ್ನನ್ನು ಕೇಳಿದರೆ ಶೆಡ್ಡಿನ ಮುಖ್ಯ ಭಾಗ ಮಾಡು ಅಲ್ಲ, ನೆಲ. ಹಣ ಕಮ್ಮಿಯಿದ್ದರೆ ಮೊದಲು ನೆಲ ಮಾಡಿಸಿ, ಆಮೇಲೆ ಮಾಡಿನ ಯೋಚನೆ ಮಾಡಿ. ವಾರಗಟ್ಟಲೆ ಕೆಸರಿನಲ್ಲಿ ನಿಂತ ಕುದುರೆಯ ಗೊರಸಿನಡಿಯ ಮೆತ್ತನೆಯ ಭಾಗ ಕೊಳೆತು, ಕಪ್ಪಗಾಗಿ ನಾರತೊಡಗುತ್ತದೆ. ಸದಾ ಒದ್ದೆಯಿರುವ ಬೆನ್ನಿನ ಮೇಲೆ ಡರ್ಮಟೊಫೈಲಸ್ ಎಂಬ ಬ್ಯಾಕ್ಟೀರಿಯಾದಿಂದ ಹಕ್ಕಳೆ ಕಟ್ಟಿ ಕೂದಲು ಗೊಂಚಲಾಗಿ ಕಿತ್ತುಬರುತ್ತದೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಿದ್ದೆಯ ವಿಷಯ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಒಣ ಜಾಗ ಸಿಗದಿದ್ದರೆ ಮಲಗುವುದಿಲ್ಲ. ಮಳೆಗಾಲವಿಡೀ ಸರಿಯಾಗಿ ನಿದ್ದೆಯಿಲ್ಲದೆ ನಿಂತಿರುವ ಪ್ರಾಣಿಯನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ನೆಲವನ್ನು ಸುತ್ತಲ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರಿಸಿದೆ. ಅಡಿಯಲ್ಲಿ ಸೈಜುಗಲ್ಲು, ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಗ್ರಾವೆಲ್ ಹಾಕಿ ದಮ್ಮಸು ಮಾಡಿಸಿದ್ದು. ಕಾಂಕ್ರೀಟು ಬೇಡವೆಂದೆ, ಒದ್ದೆಯಾದರೆ ಜಾರುತ್ತದೆ, ಮಲಗಲೂ ಗಟ್ಟಿ. ಅತಿ ಹೆಚ್ಚು ಕೆಸರಾಗುವುದು ಬಾಯಿಯ ಮುಂದೆ, ಅವು ಹೋಗಿಬಂದು ತುಳಿಯುವ ಕಡೆ. ಅದಕ್ಕೆ ಅದೇ ಪದರಗಳನ್ನು ಹೊರಗೂ 10 ಅಡಿ ಮುಂದುವರಿಸಿದೆ. ಮೇಲ್ಬದಿಯಲ್ಲಿ ಬಸಿಗಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿದೆ. ನೀರಿನ ತೊಟ್ಟಿಯನ್ನು ದೂರ ಇಟ್ಟಿದ್ದೇನೆ. ಮಳೆ ಹಿಡಿದ ಮೇಲೆ ನೈಋತ್ಯದ ಮೂಲೆಗೆ ಭತ್ತದ ಹುಲ್ಲು ಹಾಸುತ್ತೇನೆ. ಬೆಳಿಗ್ಗೆ ಗೌರಿಯ ಪಕ್ಕೆಗೆ, ಕೆನ್ನೆಗೆ ಹುಲ್ಲಿನ ಕಡ್ಡಿ ಅಂಟಿದ್ದರೆ ರಾತ್ರಿ ಮಲಗಿದ್ದಾಳೆಂದು ಗೊತ್ತಾಗುತ್ತದೆ. ಆ ದಿನ ನನಗೂ ಸಮಾಧಾನ.

ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಪುಷ್ಯ ಮಳೆಯ ಹೊತ್ತಿಗೆ ರಾಗಿ ಹುಲ್ಲಿನ ಮೆದೆಯೊಳಗೆ ಬೂಷ್ಟು ಹಿಡಿಯುತ್ತದೆ. ದನ ತಿಂದು ಅರಗಿಸಿಕೊಂಡೀತು, ಕುದುರೆಗೆ ಕೊಡಲೇಬೇಡಿ. ಕೆಮ್ಮು ಬರುತ್ತದೆ, ಹೊಟ್ಟೆನೋವು ಬರುತ್ತದೆ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅಟ್ಟದ ಮೇಲಿನ ಒಣಗಿದ ಹುಲ್ಲನ್ನೇ ಶೆಡ್ಡಿನ ಎರಡು ತುದಿಗೆ ಎರಡು ಪಾಲು ಹಾಕುತ್ತೇನೆ, ಒಂದೇ ಕಡೆ ಹಾಕಿದರೆ ಕಾಳ ಬಿಡುವುದಿಲ್ಲ.

ಮಳೆ ಬಂದ ಕೂಡಲೇ ಒಳಗೆ ಓಡಿಬರುತ್ತವೆ ಅಂದುಕೊಳ್ಳಬೇಡಿ. ಗಾಳಿಯಿಲ್ಲದ ಸೋನೆಯಲ್ಲಿ ಹೊರಗೆ ನೆನೆಯುತ್ತಾ ಮೇಯುತ್ತವೆ, ಕರೆದರೂ ಬರುವುದಿಲ್ಲ. ಗಾಳಿ ಎದ್ದಾಗ ಬರುತ್ತವೆ. ಏಪ್ರಿಲ್ ಮಧ್ಯಾಹ್ನ ಬರುತ್ತವೆ. ಮಳೆ ನಿಂತು ಬಿಸಿಲು ಬಿದ್ದ ಅಕ್ಟೋಬರ್‌ನಲ್ಲಿ ಕಚ್ಚುವ ದೊಡ್ಡ ನೊಣ ಏಳುತ್ತದಲ್ಲ, ಆಗಂತೂ ಹೊತ್ತು ಇಳಿಯುವವರೆಗೆ ಒಳಗೇ. ಆ ನೊಣ ನೆರಳೊಳಗೆ ಬರಲು ಹಿಂಜರಿಯುತ್ತದೆ. ಸರ್ರಾ ಎಂಬ, ಜ್ವರ ಬರಿಸುವ ರಕ್ತದ ಪರಾವಲಂಬಿ ರೋಗ ಹರಡುವುದು ಇಂಥ ನೊಣಗಳಿಂದಲೇ, ಆದ್ದರಿಂದ ಈ ನೆರಳು ಬರೀ ತಂಪಿಗಲ್ಲ. ಜ್ವರವಿದೆಯೆಂಬ ಅನುಮಾನ ಬಂದರೆ ಥರ್ಮಾಮೀಟರ್ ಇಡುತ್ತೇನೆ. 38.5 ಡಿಗ್ರಿ ದಾಟಿದ್ದರೆ ವೆಟರ್ನರಿ ಡಾಕ್ಟರಿಗೆ ಫೋನು.

ಪ್ರತಿ ವರ್ಷ ಮೃಗಶಿರಕ್ಕೆ ಮೊದಲು ಬಸಿಗಾಲುವೆ ಕೆರೆಯಿಸಿ, ಬಾಯಿಯ ಮುಂದೆ ತಗ್ಗಾದ ಕಡೆ ಗ್ರಾವೆಲ್ ತುಂಬಿಸುತ್ತೇನೆ. ಮುಂದೆ ತೆರೆದ ಶೆಡ್ಡಿಗೆ ಗಾಳಿ ಹೊಕ್ಕರೆ ಮಾಡನ್ನು ಮೇಲಕ್ಕೆ ಎತ್ತುತ್ತದೆ, ಆದ್ದರಿಂದ ತಗಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಸಬೇಕು. ಹಲಗೆಗಳ ಮೇಲೆ ಬರಿಗೈ ಆಡಿಸಿ ಸೀಳು, ಮೊಳೆ ಎದ್ದಿದೆಯೇ ನೋಡುತ್ತೇನೆ. ಮೂರನೆಯ ಕುದುರೆಯೊಂದನ್ನು ತರುವ ಮಾತು ನಡೆದಿದೆ. ಅದಕ್ಕೂ ಮೊದಲು ಈಶಾನ್ಯದ ಕಡೆ ಶೆಡ್ಡನ್ನು ಇನ್ನೂ 14 ಅಡಿ ಉದ್ದ ಮಾಡಿಸಬೇಕು. ಬೇಸಿಗೆಯಲ್ಲಿ ಕೆಲಸ ಹಿಡಿಯಲು ಬಡಗಿ ಅಣ್ಣನಿಗೆ ಹೇಳಿದ್ದೇನೆ.