ಸಕ್ಕರೆ ಡಬ್ಬಿ ಮುಟ್ಟದೆ ಹಣ್ಣಿನ ಸ್ಮೂದಿ

ಸ್ಮೂದಿಯ ರುಚಿ ಮಿಕ್ಸಿಯ ಮುಂದೆ ನಿಂತಾಗ ತೀರ್ಮಾನವಾಗುವುದಿಲ್ಲ. ಎರಡು ಮೂರು ದಿನ ಮುಂಚೆಯೇ ಹಣ್ಣಿನ ಬುಟ್ಟಿಯಲ್ಲಿ ತೀರ್ಮಾನವಾಗಿರುತ್ತದೆ. ಮೊದಲು ಮಕ್ಕಳಿಗೆ, ಈಗ ಮೊಮ್ಮಕ್ಕಳಿಗೆ ಹಣ್ಣು ತಿರುವಿ ಕೊಡುತ್ತ ಬಂದಿರುವ ನಾನು ಹೊಸದಾಗಿ ಕಲಿಯುವವರಿಗೆ ಮೊದಲು ಹೇಳುವ ಮಾತೂ ಇದೇ. ದೋರಗಾಯಿಯಾದ ಹಣ್ಣನ್ನು ಹಾಕಿ ರುಬ್ಬಿದರೆ ಸಪ್ಪೆ, ಒಗರು ಎನ್ನಿಸುತ್ತದೆ, ಕೈ ತಾನಾಗಿ ಸಕ್ಕರೆ ಡಬ್ಬಿಯ ಕಡೆಗೆ ಹೋಗುತ್ತದೆ, ಅಲ್ಲಿಗೆ ಮನೆಯವರ ಆರೋಗ್ಯಕ್ಕೆಂದು ಆರಂಭಿಸಿದ ಕೆಲಸದ ಉದ್ದೇಶವೇ ಕೆಟ್ಟುಹೋಗುತ್ತದೆ. ಚೆನ್ನಾಗಿ ಕಳಿತ ಹಣ್ಣಿದ್ದರೆ ಸಕ್ಕರೆಯ ನೆನಪೂ ಬರುವುದಿಲ್ಲ.

ಬಾಳೆಹಣ್ಣನ್ನೇ ನೋಡಿ. ಕಾಯಿಯಾಗಿದ್ದಾಗ ಅದರಲ್ಲಿ ತುಂಬಿರುವುದು ಪಿಷ್ಟ. ಮಾಗುತ್ತಾ ಹೋದಂತೆ ಆ ಪಿಷ್ಟವೇ ಸಕ್ಕರೆಯಾಗಿ ಮಾರ್ಪಡುತ್ತದೆ. ಸಿಪ್ಪೆಯ ತುದಿಯಲ್ಲಿ ಹಸಿರು ಉಳಿದಿರುವ ಹಣ್ಣು ಸ್ಮೂದಿಗೆ ಬೇಡ. ಹಳದಿ ಸಿಪ್ಪೆಯ ಮೇಲೆ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿ, ಬುಟ್ಟಿಯ ಬಳಿ ಹೋದಾಗಲೇ ಪರಿಮಳ ಮೂಗಿಗೆ ತಾಗುವ ದಿನ ಅದನ್ನು ಸುಲಿಯಬೇಕು. ಬಾಳೆ, ಮಾವು, ಪಪ್ಪಾಯಿ, ಕಿವಿ ಇವೆಲ್ಲ ಕಿತ್ತ ಮೇಲೂ ಮಾಗುವ ಜಾತಿಯವು, ಆದ್ದರಿಂದ ಸ್ವಲ್ಪ ಗಟ್ಟಿಯಿದ್ದಾಗ ತಂದರೂ ಮನೆಯಲ್ಲಿ ಕಾಯಬಹುದು. ಅವುಗಳ ಜೊತೆ ಒಂದು ಸೇಬನ್ನು ಕಾಗದದ ಚೀಲದಲ್ಲಿ ಇಟ್ಟರೆ, ಸೇಬು ಹೊರಬಿಡುವ ಎಥಿಲೀನ್ ಅನಿಲದಿಂದ ಇನ್ನಷ್ಟು ಬೇಗ ಹಣ್ಣಾಗುತ್ತವೆ. ಕಿತ್ತಳೆ, ದ್ರಾಕ್ಷಿ, ಅನಾನಸ್, ಸ್ಟ್ರಾಬೆರಿ ಹಾಗಲ್ಲ. ಗಿಡದಿಂದ ಬೇರೆಯಾದ ಮೇಲೆ ಅವುಗಳ ಸಿಹಿ ಹೆಚ್ಚುವುದಿಲ್ಲ. ಎಷ್ಟು ದಿನ ಇಟ್ಟರೂ ಬಾಡುತ್ತವೆಯೇ ಹೊರತು ರುಚಿ ಏರುವುದಿಲ್ಲವಾದ್ದರಿಂದ ಕೊಳ್ಳುವಾಗಲೇ ಮಾಗಿದ್ದನ್ನು ಆರಿಸಿ ತರಬೇಕು.

ಒಂದೇ ದಿನ ಎಲ್ಲ ಬಾಳೆಹಣ್ಣೂ ಕಳಿತು ಕೂತಾಗ ಅದನ್ನು ಎಸೆಯಬೇಡಿ, ಸ್ಮೂದಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ಸುಲಿದು, ಬೆರಳ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಇಡಿ. ಎರಡು ಗಂಟೆ ಕಳೆದು ಬಿಲ್ಲೆಗಳು ಕಲ್ಲಿನಂತಾದ ಮೇಲೆ ಮುಚ್ಚಳವಿರುವ ಡಬ್ಬಿಗೆ ತುಂಬಿಡಬಹುದು. ತಟ್ಟೆಯಲ್ಲಿ ಹರಡದೆ ನೇರವಾಗಿ ಡಬ್ಬಿಗೆ ಹಾಕಿದರೆ ಎಲ್ಲವೂ ಒಂದೇ ಮುದ್ದೆಯಾಗಿ ಅಂಟಿಕೊಂಡು, ಬೆಳಗಿನ ಗಡಿಬಿಡಿಯಲ್ಲಿ ಚಾಕುವಿನಿಂದ ಕುಟ್ಟಬೇಕಾಗುತ್ತದೆ. ಸಿಪ್ಪೆ ಸಮೇತ ಇಡುವುದಂತೂ ಬೇಡವೇ ಬೇಡ. ಹೆಪ್ಪುಗಟ್ಟಿದ ಸಿಪ್ಪೆಯನ್ನು ಬಿಡಿಸಲು ಹೋಗಿ ಬೆರಳು ಮರಗಟ್ಟುತ್ತದೆ. ಮಾವಿನ ಹೋಳು, ಪಪ್ಪಾಯಿ, ದಾಳಿಂಬೆ ಕಾಳುಗಳನ್ನೂ ಹೀಗೆಯೇ ಇಡಬಹುದು. ಈ ಅಭ್ಯಾಸದಿಂದ ಇನ್ನೊಂದು ಲಾಭವಿದೆ: ಹಣ್ಣೇ ತಣ್ಣಗಿರುವುದರಿಂದ ಐಸ್ ಹಾಕಬೇಕಾಗುವುದಿಲ್ಲ. ಐಸ್ ಕರಗಿದರೆ ಸ್ಮೂದಿ ನೀರುನೀರಾಗುತ್ತದೆ. ಹೆಪ್ಪುಗಟ್ಟಿದ ಬಾಳೆಹಣ್ಣನ್ನು ರುಬ್ಬಿದರೆ ಕೆನೆಯಂತೆ ನುಣ್ಣಗೆ ಗಟ್ಟಿಯಾಗುತ್ತದೆ.

ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಾಲ್ಕು ಜನರಿಗೆ ಒಂದು ದೊಡ್ಡ ಬಾಳೆಹಣ್ಣು, ಒಂದು ಕಪ್ ಬೇರೆ ಹಣ್ಣಿನ ಹೋಳು, ಮುಕ್ಕಾಲು ಕಪ್ ಗಟ್ಟಿ ಮೊಸರು, ಅರ್ಧ ಕಪ್ ಹಾಲು ಅಥವಾ ನೀರು ಸಾಕು. ಕಪ್ ಎಂದರೆ 240 ಮಿಲಿಲೀಟರ್ ಹಿಡಿಯುವ ಅಳತೆ. ಇಷ್ಟರಿಂದ ನಾಲ್ಕು ಸಣ್ಣ ಲೋಟ ಬರುತ್ತದೆ, ಒಬ್ಬೊಬ್ಬರಿಗೆ ಸುಮಾರು 140 ಮಿಲಿಲೀಟರ್. ಇಷ್ಟೇ ಸಾಕೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಮೂರು ಕಿತ್ತಳೆಯನ್ನು ತೊಳೆ ಬಿಡಿಸಿ ಅಗಿದು ತಿನ್ನಲು ಹತ್ತು ನಿಮಿಷ ಬೇಕು, ಆ ಹೊತ್ತಿಗೆ ಹೊಟ್ಟೆ ತಾನೇ ಸಾಕೆನ್ನುತ್ತದೆ, ಅದೇ ಮೂರು ಕಿತ್ತಳೆ ಲೋಟದಲ್ಲಿದ್ದರೆ ಒಂದೇ ಉಸಿರಿಗೆ ಒಳಗೆ ಹೋಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಸೇರಿಸಿದ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸಗಳಲ್ಲಿರುವ ಸಕ್ಕರೆ ಎಲ್ಲ ಕೂಡಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಈ ಶೇಕಡಾ 5 ಎಂದರೆ ಸುಮಾರು 25 ಗ್ರಾಂ, ಅಂದರೆ ಆರು ಚಮಚ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆಯು ಹಣ್ಣಿನ ರಸ, ಸ್ಮೂದಿ ಎರಡೂ ಸೇರಿ ದಿನಕ್ಕೆ 150 ಮಿಲಿಲೀಟರ್ ದಾಟಬಾರದು ಎನ್ನುತ್ತದೆ. ಬಾಯಾರಿಕೆಗೆ ನೀರು ಕುಡಿಯಲಿ, ಸ್ಮೂದಿಯನ್ನು ಉಪಾಹಾರದ ಒಂದು ಭಾಗವೆಂದು ಎಣಿಸಿ ಚಮಚದಲ್ಲಿ ತೆಗೆದುಕೊಳ್ಳಲಿ. ನಮ್ಮ ಮನೆಯಲ್ಲಿ ಲೋಟ ಬಿಟ್ಟು ಸಣ್ಣ ಬಟ್ಟಲಿನಲ್ಲಿ ಕೊಡತೊಡಗಿದ ಮೇಲೆ ಮಕ್ಕಳು ನಿಧಾನವಾಗಿ ತಿನ್ನಲು ಕಲಿತರು.

ರುಬ್ಬಿದ್ದನ್ನು ಸೋಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜರಡಿಯಲ್ಲಿ ಉಳಿಯುವ ನಾರಿಗಾಗಿಯೇ ಹಣ್ಣನ್ನು ರಸ ಹಿಂಡದೆ ಇಡಿಯಾಗಿ ತಿರುವುವುದು. ಕಿತ್ತಳೆಯ ಬೀಜ ತೆಗೆಯಿರಿ, ತೊಳೆಯ ಸುತ್ತಲಿನ ಬಿಳಿ ಪೊರೆ ಸ್ವಲ್ಪ ಇದ್ದರೆ ಇರಲಿ. ಸೇಬು, ಪೇರು ಹಣ್ಣುಗಳ ಸಿಪ್ಪೆಯನ್ನು ಚೆನ್ನಾಗಿ ತೊಳೆದು ಹಾಗೆಯೇ ಹಾಕಬಹುದು. ಸೇಬಿನ ಬೀಜವನ್ನು ಮಾತ್ರ ತಪ್ಪದೆ ತೆಗೆಯಬೇಕು: ಅದರಲ್ಲಿರುವ ಅಮಿಗ್ಡಾಲಿನ್ ಎಂಬ ವಸ್ತು ಬೀಜ ಜಜ್ಜಿದಾಗ ಸಯನೈಡನ್ನು ಬಿಡುತ್ತದೆ. ಒಂದೆರಡು ಬೀಜ ಇಡಿಯಾಗಿ ನುಂಗಿದರೆ ಏನೂ ಆಗುವುದಿಲ್ಲ, ಆದರೆ ಮಿಕ್ಸಿಯ ಬ್ಲೇಡು ಬೀಜವನ್ನು ಪುಡಿ ಮಾಡುತ್ತದೆ ಎನ್ನುವುದು ನೆನಪಿರಲಿ. ಹಣ್ಣನ್ನು ಹೆಚ್ಚುವ ಮೊದಲು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆ ಬಿಸಾಡುವ ಕರಬೂಜ, ಕಲ್ಲಂಗಡಿಗೂ ಇದು ಅಗತ್ಯ, ಏಕೆಂದರೆ ಹೊರಗಿನ ಕೊಳೆಯನ್ನು ಚಾಕು ಒಳಗಿನ ತಿರುಳಿಗೆ ಒಯ್ಯುತ್ತದೆ. ಸೋಪು ಹಚ್ಚಬಾರದು.

ಜಾರಿಗೆ ತುಂಬುವ ಕ್ರಮವೂ ಮುಖ್ಯ. ಮೊದಲು ಹಾಲು ಅಥವಾ ನೀರು, ಅದರ ಮೇಲೆ ಮೊಸರು, ಆಮೇಲೆ ಮೆತ್ತಗಿನ ಹಣ್ಣು, ಹೆಪ್ಪುಗಟ್ಟಿದ ಹೋಳುಗಳು ಎಲ್ಲಕ್ಕಿಂತ ಮೇಲೆ. ಗಟ್ಟಿಯಾದದ್ದು ತಳದಲ್ಲಿ ಕೂತರೆ ಬ್ಲೇಡು ಅದನ್ನೇ ಬಡಿಯುತ್ತ, ಅದರ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು, ಸದ್ದು ಜೋರಾದರೂ ಒಳಗೆ ಏನೂ ತಿರುಗುವುದಿಲ್ಲ. ಜಾರಿನ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬದೆ, ಮೊದಲು ಎರಡು ಮೂರು ಬಾರಿ ತಡೆದು ತಡೆದು ತಿರುಗಿಸಿ ಹೋಳು ಒಡೆದ ಮೇಲೆ ವೇಗ ಹೆಚ್ಚಿಸಿ. ಆಗ ಸದ್ದಿಗೆ ಕಿವಿಗೊಡಬೇಕು. ಆರಂಭದಲ್ಲಿ ಕಲ್ಲು ಉರುಳಿದಂತೆ ಕಟಕಟ ಎನ್ನುತ್ತದೆ, ಕ್ರಮೇಣ ಆ ಸದ್ದು ಇಳಿದು ಒಂದೇ ಸಮನೆ ಮೊರೆಯತೊಡಗುತ್ತದೆ, ಮೇಲ್ಭಾಗದ ನಡುವೆ ಸುಳಿಯೊಂದು ಕಾಣಿಸಿಕೊಳ್ಳುತ್ತದೆ. ಆ ಸುಳಿ ಕಂಡು ಹತ್ತು ಎಣಿಸಿ ನಿಲ್ಲಿಸಿದರೆ ಹದ ಸರಿಯಾಗಿರುತ್ತದೆ. ಚಮಚದಲ್ಲೆತ್ತಿ ಓರೆ ಮಾಡಿದಾಗ ಅದು ದಾರದಂತೆ ಸುರಿಯದೆ ತುಸು ತಡೆದು ಮಡಿಕೆ ಮಡಿಕೆಯಾಗಿ ಬೀಳಬೇಕು. ಸುಳಿ ಮೂಡದಿದ್ದರೆ ಎರಡು ಚಮಚ ನೀರು ಹಾಕಿ ಮತ್ತೆ ತಿರುಗಿಸಿ, ಒಂದೇ ಸಲ ಅರ್ಧ ಲೋಟ ಸುರಿಯಬೇಡಿ. ಬಹಳ ಹೊತ್ತು ಓಡಿಸಿದರೆ ಬ್ಲೇಡಿನ ತಿರುಗಾಟಕ್ಕೇ ಸ್ಮೂದಿ ಬಿಸಿಯಾಗಿ ನೊರೆ ಏರುತ್ತದೆ, ತಂಪೂ ಹೋಗುತ್ತದೆ.

ಯಾವ ಹಣ್ಣು ಯಾವುದರೊಡನೆ ಕೂಡುತ್ತದೆ ಎನ್ನುವುದನ್ನು ನಾನು ಕಲಿತದ್ದು ಒಂದು ಬೆಳಗಿನ ಬೇಸರದಿಂದ. ಹಸಿ ಅನಾನಸ್, ಹಾಲು ಹಾಕಿ ತಿರುವಿದ್ದೆ. ಆ ಕ್ಷಣಕ್ಕೆ ರುಚಿಯಾಗಿಯೇ ಇತ್ತು. ಕೆಲಸ ಮುಗಿಸಿ ತಡವಾಗಿ ಬಂದ ಯಜಮಾನರಿಗೆಂದು ತೆಗೆದಿಟ್ಟ ಲೋಟವನ್ನು ಅವರು ಒಂದು ಗುಟುಕು ಕುಡಿದು ಕೆಳಗಿಟ್ಟರು, ಅಷ್ಟು ಕಹಿಯಾಗಿತ್ತು. ಹಾಲು ಕೆಟ್ಟಿತ್ತೆಂದು ನಾನು ಭಾವಿಸಿದ್ದೆ. ಕಾರಣ ಅದಲ್ಲ: ಅನಾನಸ್‌ನಲ್ಲಿ ಬ್ರೊಮೆಲಿನ್, ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿದ್ದು, ಅವು ಹಾಲಿನ ಪ್ರೋಟೀನನ್ನು ತುಂಡು ತುಂಡಾಗಿ ಒಡೆಯುತ್ತವೆ, ಆ ತುಂಡುಗಳೇ ನಾಲಿಗೆಗೆ ಕಹಿ. ಆದ್ದರಿಂದ ಈ ಹಣ್ಣುಗಳನ್ನು ಹಾಲು ಮೊಸರಿನೊಡನೆ ಸೇರಿಸಿದರೆ ಆಗಿಂದಾಗಲೇ ಮುಗಿಸಬೇಕು, ಇಲ್ಲವೇ ನೀರಿನಲ್ಲೇ ತಿರುವಬೇಕು. ಅನಾನಸ್ ಹೋಳುಗಳನ್ನು ಐದು ನಿಮಿಷ ಕುದಿಸಿ ಆರಿಸಿ ಬಳಸಿದರೆ ಕಿಣ್ವ ಸಾಯುತ್ತದೆ, ಆಗ ಕಹಿಯಾಗುವ ಭಯವಿಲ್ಲ. ಕಿತ್ತಳೆ, ನಿಂಬೆಯ ಹುಳಿ ಹಾಲನ್ನು ಒಡೆಯುವುದು ಎಲ್ಲರಿಗೂ ಗೊತ್ತಿರುವುದೇ. ಅಲ್ಲಿ ಹಾಲಿನ ಬದಲು ಮೊದಲೇ ಹುಳಿಯಿರುವ ಮೊಸರು ಚೆನ್ನಾಗಿ ಹೊಂದುತ್ತದೆ.

ಬಾಳೆಹಣ್ಣಿನ ಬಗ್ಗೆಯೂ ತಿಳಿಯಬೇಕಾದ ಒಂದು ವಿಷಯವಿದೆ. ಹೆಚ್ಚಿದ ಬಾಳೆಹಣ್ಣು, ಸೇಬು ಕಂದಾಗಲು ಕಾರಣವಾದ ಕಿಣ್ವ, ಬೆರಿ ಜಾತಿಯ ಹಣ್ಣುಗಳಲ್ಲಿರುವ ಫ್ಲೇವನಾಲ್ ಎಂಬ ಒಳ್ಳೆಯ ಅಂಶವನ್ನೂ ಕೆಡಿಸುತ್ತದೆ. 2023ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು ಪಾಲ್ಗೊಂಡ ಅಧ್ಯಯನವೊಂದರಲ್ಲಿ, ಬಾಳೆಹಣ್ಣಿನ ಸ್ಮೂದಿ ಕುಡಿದವರ ದೇಹದಲ್ಲಿ ಫ್ಲೇವನಾಲ್ ಮಟ್ಟ, ಅದನ್ನು ಮಾತ್ರೆಯಾಗಿ ನುಂಗಿದಾಗಿನದಕ್ಕಿಂತ ಶೇಕಡಾ 84ರಷ್ಟು ಕಡಿಮೆಯಿತ್ತು. ಭಾಗವಹಿಸಿದವರು ಬೆರಳೆಣಿಕೆಯಷ್ಟು ಜನವಾದ್ದರಿಂದ ಬಾಳೆಹಣ್ಣನ್ನೇ ದೂರವಿಡಬೇಕಾಗಿಲ್ಲ. ಆದರೂ ಬೆರಿಗಳನ್ನು ಬಳಸುವ ದಿನ ನಾನು ಬಾಳೆಹಣ್ಣಿನ ಬದಲು ಮಾವು ಮತ್ತು ಮೊಸರನ್ನು ಸೇರಿಸುತ್ತೇನೆ, ಗಟ್ಟಿತನಕ್ಕೂ ಕೊರತೆಯಾಗುವುದಿಲ್ಲ.

ಬರೀ ಹಣ್ಣಿನ ಸ್ಮೂದಿ ಕುಡಿದ ಮಕ್ಕಳು ಒಂದು ಗಂಟೆಯಲ್ಲೇ ಹಸಿವೆನ್ನುತ್ತಾರೆ. ಮೊಸರಿನ ಜೊತೆಗೆ ನಾಲ್ಕೈದು ನೆನೆಸಿದ ಬಾದಾಮಿ ಅಥವಾ ಒಂದು ಚಮಚ ಅಗಸೆ ಬೀಜದ ಪುಡಿ ಹಾಕಿದರೆ ಹೊಟ್ಟೆ ನಿಲ್ಲುತ್ತದೆ. ಅಗಸೆಯನ್ನು ಮೊದಲೇ ಪುಡಿ ಮಾಡಿಕೊಳ್ಳಿ, ಇಡೀ ಬೀಜ ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ. ಚಿಯಾ ಬೀಜವಾದರೆ ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಯಬೇಕು, ಒಣಗಿದ್ದನ್ನು ಬಾಯಿಗೆ ಹಾಕಿಕೊಳ್ಳಬಾರದು. ಸಿಹಿ ಸಾಲದೆಂದರೆ ನೆನೆಸಿದ ಖರ್ಜೂರ ಒಂದೇ ಒಂದು. ಅದೂ ಸಕ್ಕರೆಯೇ, ಆದರೆ ನಾರಿನೊಡನೆ ಬರುತ್ತದೆ.

ಮನೆಯಲ್ಲಿ ಎಲ್ಲರಿಗೂ ಒಂದೇ ಜಾರಿನಿಂದ ಸುರಿಯುವ ಮುನ್ನ ಯಾರಿಗೆ ಏನು ಕೂಡದು ಎನ್ನುವುದನ್ನು ಯೋಚಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪದ ಹನಿಯನ್ನೂ ಕೊಡಬಾರದು: ಅದರಲ್ಲಿರಬಹುದಾದ ಸೂಕ್ಷ್ಮಾಣುಗಳ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕರ ಕಾಯಿಲೆ ತರುತ್ತವೆ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಗೊಳಿಸಬೇಕಾದ ಹಿರಿಯರಿಗೆ ಬಾಳೆ, ಕಿತ್ತಳೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರಿಗೆ ಹಸಿ ಪಾಲಕ್ ರುಬ್ಬಿ ಹಾಕಬೇಡಿ, ಅದರಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಬಹಳ. ಗ್ರೇಪ್‌ಫ್ರೂಟ್ ಹಣ್ಣು (ದ್ರಾಕ್ಷಿಯಲ್ಲ, ಚಕೋತದಂಥದು) ಕೊಬ್ಬಿನಂಶ ಇಳಿಸುವ ಕೆಲವು ಮಾತ್ರೆಗಳ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಆದ್ದರಿಂದ ಮಾತ್ರೆ ನುಂಗುವವರಿರುವ ಮನೆಯಲ್ಲಿ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಸಕ್ಕರೆ ಕಾಯಿಲೆಯವರಿಗೆ ಇಡೀ ಹಣ್ಣನ್ನು ಅಗಿದು ತಿನ್ನಲು ಹೇಳುವುದೇ ನನ್ನ ಪದ್ಧತಿ.

ತಿರುವಿದ್ದನ್ನು ಆಗಲೇ ಕುಡಿಯುವುದು ಉತ್ತಮ. ಉಳಿದರೆ ನಾಲ್ಕು ಹನಿ ನಿಂಬೆರಸ ಬೆರೆಸಿ, ಗಾಜಿನ ಬಾಟಲಿಯ ಕಂಠದವರೆಗೂ ತುಂಬಿ ಮುಚ್ಚಿ ಫ್ರಿಜ್‌ನಲ್ಲಿಡಿ. ಗಾಳಿ ತಾಗದಿದ್ದರೆ ಬಣ್ಣ ಅಷ್ಟು ಬೇಗ ಕಂದುವುದಿಲ್ಲ. ಆದರೂ ಮರುದಿನಕ್ಕಿಂತ ಹೆಚ್ಚು ಇಡಬೇಡಿ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಟ್ಟದ್ದನ್ನು ಚೆಲ್ಲಿಬಿಡಿ. ಸಣ್ಣ ಅಚ್ಚುಗಳಿಗೆ ಸುರಿದು ಕಡ್ಡಿ ಚುಚ್ಚಿ ಫ್ರೀಜರಿಗಿಟ್ಟರೆ ಸಂಜೆಗೆ ಮಕ್ಕಳಿಗೆ ಐಸ್ ಕ್ಯಾಂಡಿಯಾಗುತ್ತದೆ, ಅದಕ್ಕೂ ಸಕ್ಕರೆ ಬೇಡ. ಹುಳಿ ಹಣ್ಣಿನ ಸ್ಮೂದಿ ಕುಡಿದೊಡನೆ ಹಲ್ಲುಜ್ಜಬಾರದು. ಹುಳಿಗೆ ಹಲ್ಲಿನ ಹೊರಪದರ ಮೆತ್ತಗಾಗಿರುತ್ತದೆ, ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಲಿ.

ಜಾರನ್ನು ತೊಳೆಯದೆ ಸಿಂಕಿನಲ್ಲಿ ಬಿಡುವುದೇ ಮರುದಿನದ ಸ್ಮೂದಿ ಹಳಸಲು ವಾಸನೆ ಬರಲು ಕಾರಣ. ಸ್ಮೂದಿ ಸುರಿದ ಕೂಡಲೇ ಅರ್ಧ ಜಾರು ಬೆಚ್ಚಗಿನ ನೀರು, ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಮೂವತ್ತು ಸೆಕೆಂಡು ತಿರುಗಿಸಿ ಚೆಲ್ಲಿ. ಆಮೇಲೆ ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ಬೆರಳ ತುದಿಯಿಂದ ಎಬ್ಬಿಸಿ ತೆಗೆಯಿರಿ. ಅದರ ಹಿಂದಿನ ಸಂದಿಯಲ್ಲಿ ಕುಳಿತ ಹಣ್ಣಿನ ತಿರುಳು ಕಣ್ಣಿಗೆ ಬೀಳುವುದಿಲ್ಲ, ಬೂಸ್ಟು ಹುಟ್ಟುವುದು ಅಲ್ಲಿಯೇ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆ ಸಂದಿಯನ್ನೂ ಬ್ಲೇಡಿನ ಬುಡವನ್ನೂ ಉಜ್ಜಿ, ಜಾರನ್ನು ಬೋರಲು ಹಾಕಿ, ವಾಷರನ್ನು ಬೇರೆಯಾಗಿಯೇ ಒಣಗಲು ಬಿಟ್ಟು, ಮರುದಿನ ಬಳಸುವ ಹೊತ್ತಿಗೆ ಜೋಡಿಸಿಕೊಳ್ಳಿ.